ಹೋದವರ ಕ್ಯಾಸೆಟ್‌ಗಳಿಂದ ನೆನಪಿನ ಪುಸ್ತಕ ಬರೆಯುವ ಬಗೆ

ಧಾರವಾಡ, ಹುಬ್ಬಳ್ಳಿ, ಗದಗದ ಕಡೆಯಿಂದ ನೌಕರಿಗೆಂದು ಬಂದು ಪುಣೆಯಲ್ಲಿ ಬೇರೂರಿದ ಮನೆಗಳಲ್ಲಿ ಒಂದು ವಸ್ತು ಸಾಮಾನ್ಯ. ಅಟ್ಟದ ಮೇಲೆ ಬಿಸ್ಕತ್ತಿನ ರಟ್ಟಿನ ಡಬ್ಬಿ, ಅದರ ತುಂಬ ಕ್ಯಾಸೆಟ್. ಅದನ್ನು ಕೂಡಿಸಿಟ್ಟವರು ತೀರಿಕೊಂಡ ಮೇಲೆ ಮನೆಯಲ್ಲಿ ಯಾರೋ ಒಬ್ಬರಿಗೆ ಅವರ ಬಗ್ಗೆ ಪುಸ್ತಕ ಬರೆಯಬೇಕು ಅನಿಸುತ್ತದೆ. ಬರೆಯಲು ಕೂರುತ್ತಾರೆ. "ನಮ್ಮ ತಂದೆಯವರು ಸಂಗೀತಪ್ರಿಯರಾಗಿದ್ದರು" ಅಂತ ಶುರುಮಾಡಿ ನಾಲ್ಕು ಪುಟಕ್ಕೆ ನಿಲ್ಲುತ್ತಾರೆ.

ನಿಲ್ಲೋದಕ್ಕೆ ಕಾರಣ ಭಾಷೆ ಬಾರದ್ದಲ್ಲ. ಬರೀ ನೆನಪಿನಿಂದ ಬರೆಯಲು ಹೊರಟದ್ದು. ದುಃಖ ಹಸಿಯಾಗಿರುವಾಗ ನೆನಪು ಒಳ್ಳೆಯದನ್ನಷ್ಟೇ ಆರಿಸಿ ಕೊಡುತ್ತದೆ, ಅದೂ ಎಲ್ಲರ ಬಗ್ಗೆಯೂ ಹೇಳಬಹುದಾದ ಒಳ್ಳೆಯದನ್ನು. ಟೇಪು ಹಾಗಲ್ಲ. ಅದರಲ್ಲಿ ಹಾಡಿನ ಜೊತೆ ಆ ಕೋಣೆಯೂ ಇರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬರೆಯೋದು ಬರುವುದು ಅರ್ಧ ದಾರಿ ಕಳೆದ ಮೇಲೆ. ನಮ್ಮವರು ಹೋದ ಮೇಲೆ ನಾನು ಬರೆದದ್ದು, ಆಮೇಲೆ ಪರಿಚಯದ ಒಂದಿಷ್ಟು ಮನೆಯವರ ಜೊತೆ ಕೂತು ಬರೆಸಿದ್ದು, ಇವೆರಡರಿಂದ ತಿಳಿದದ್ದನ್ನು ಹೇಳುತ್ತಿದ್ದೇನೆ.

ಹಂತ 1: ಡಬ್ಬಿ ಇಳಿಸಿ, ಹಾಡು ಮಾತ್ರ ಹಚ್ಚಬೇಡಿ

ಹಳೆ ಪೇಪರ್ ಹಾಸಿ ಎಲ್ಲ ಕ್ಯಾಸೆಟ್‌ಗಳನ್ನೂ ಹರಡಿ. ಯಾವುದನ್ನೂ ಟೇಪ್‌ರೆಕಾರ್ಡರಿಗೆ ಹಾಕುವ ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ, ಒಳಗಿನ ಕಾರ್ಡಿನದ್ದೂ ಸೇರಿಸಿ. ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಕೊಟ್ಟು, ಮೇಲೆ ಏನು ಬರೆದಿದೆ, ಅಕ್ಷರ ಯಾರದ್ದು, ಟೇಪು 60 ನಿಮಿಷದ್ದೋ 90 ನಿಮಿಷದ್ದೋ, ಏನಾದರೂ ಕೆಟ್ಟಿದೆಯೋ ಅಂತ ಗುರುತು ಹಾಕಿ. ಅಕ್ಷರ ಯಾರದ್ದು ಅನ್ನೋದನ್ನು ಬಿಡಬೇಡಿ. ಒಂದೇ ಡಬ್ಬಿಯಲ್ಲಿ ಅಪ್ಪನ ಕನ್ನಡ, ಅವರ ಗೆಳೆಯರ ಮೋಡಿ ಲಿಪಿಯ ತಿರುವಿನ ಮರಾಠಿ, ಮಗಳ ಇಂಗ್ಲಿಷ್ ಶಾಲೆಯ ದುಂಡಕ್ಷರ ಸಿಗುತ್ತವೆ. ಯಾವ ಹಾಡು ಯಾರ ಕೈಯಿಂದ ಮನೆಗೆ ಬಂತು ಅಂತ ಆಗಲೇ ಗೊತ್ತಾಗಿಬಿಡುತ್ತದೆ.

ಇನ್ನು ಮುಖ್ಯ ಕೆಲಸ. ಟೇಪು ಹೊರಗೆ ಕಾಣುವ ಅಂಚಿಗೆ ಎದುರಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ನಾಲಿಗೆಗಳಿರುತ್ತವೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ಎರಡನ್ನೂ ಮುರಿದುಬಿಡಿ. ಆಮೇಲೆ ಕೈತಪ್ಪಿ ಒತ್ತಿದರೂ ರೆಕಾರ್ಡ್ ಗುಂಡಿ ಕೂರುವುದಿಲ್ಲ. ಅಂಗಡಿಯಿಂದ ತಂದ ಕ್ಯಾಸೆಟ್‌ಗಳಲ್ಲಿ ಈ ನಾಲಿಗೆ ಮೊದಲೇ ಇರುವುದಿಲ್ಲ, ತೂತಷ್ಟೇ ಇರುತ್ತದೆ. ಆ ತೂತಿಗೆ ಯಾರಾದರೂ ಸೆಲೋ ಟೇಪ್ ಅಂಟಿಸಿದ್ದರೆ ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಿದ್ದಾರೆ ಅಂತಲೇ ಅರ್ಥ. ಫೋಟೋ ತೆಗೆದುಕೊಂಡು ಆಮೇಲೆ ಕಿತ್ತುಹಾಕಿ. ನಮ್ಮ ಮನೆಯ ಸೆಲೋ ಟೇಪಿನ ಕಥೆ ಮುಂದೆ ಬರುತ್ತದೆ.

ಪುಣೆಯ ಮಳೆಗಾಲ ಟೇಪಿಗೆ ಒಳ್ಳೆಯದಲ್ಲ. ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಬೇರೆ ಚೀಲದಲ್ಲಿಡಿ, ನೀವೇ ಹಚ್ಚಿ ನೋಡಬೇಡಿ. ಬೂಷ್ಟು ಯಂತ್ರಕ್ಕೆ ಹತ್ತಿ ಅಲ್ಲಿಂದ ಒಳ್ಳೆಯ ಟೇಪುಗಳಿಗೂ ಹರಡುತ್ತದೆ. ಅದನ್ನು ಸ್ವಚ್ಛ ಮಾಡಿಕೊಡುವವರಿಗೇ ಕೊಡಬೇಕು.

ಹಂತ 2: ಕಂಪ್ಯೂಟರಿಗೆ ಇಳಿಸಿಕೊಳ್ಳಿ

ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಪ್ಲೇಯರ್ ಕೊಳ್ಳಬೇಡಿ. ಹೆಚ್ಚಿನವುಗಳಲ್ಲಿ ವೇಗ ಒಂದೇ ಸಮ ಇರೋದಿಲ್ಲ, ತಂಬೂರಿ ಅಲುಗಾಡಿದ ಹಾಗೆ ಕೇಳುತ್ತದೆ. ಹಳೆಯ ಗಟ್ಟಿ ಡೆಕ್ (ಕ್ಯಾಸೆಟ್ ಹಚ್ಚುವ ಯಂತ್ರ) ಒಂದನ್ನು ನೆಂಟರ ಮನೆಯಲ್ಲಿ ಹುಡುಕಿ. ಇಲ್ಲದಿದ್ದರೆ ಬುಧವಾರ, ಭಾನುವಾರ ಸೇರುವ ಹಳೆ ಸಾಮಾನಿನ ಸಂತೆ ಜುನಾ ಬಜಾರಿಗೆ ಹೋಗಿ. ಕ್ಯಾಸೆಟ್ ಜೊತೆಗೆ ಒಯ್ದು, ಅಲ್ಲೇ ಹಚ್ಚಿಸಿ, ಕೇಳಿ ಕೊಳ್ಳಿ. ಅದಕ್ಕೆ ಬಲಿ ಕೊಡಲು ಬೇಡದ ಒಂದು ಕ್ಯಾಸೆಟ್ ಇರಲಿ, ಮನೆಯವರ ದನಿ ಇರುವುದನ್ನು ಒಯ್ಯಬೇಡಿ. ಹಳೆ ಯಂತ್ರಗಳಲ್ಲಿ ರಬ್ಬರ್ ಬೆಲ್ಟ್ ಸಡಿಲವಾಗಿಯೋ ಕರಗಿಯೋ ಇರುತ್ತದೆ. ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯ ಆಸುಪಾಸಿನಲ್ಲಿ ವಿಚಾರಿಸಿದರೆ ಬದಲಾಯಿಸಿ ಕೊಡುವವರು ಸಿಗುತ್ತಾರೆ.

ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹೊಸ ಕಡ್ಡಿ ತಗೊಂಡು ಅದು ಬಿಳಿಯಾಗಿ ಉಳಿಯುವವರೆಗೂ ಒರೆಸಿ. ಡೆಕ್ಕಿನಲ್ಲಿ ದನಿ ಹೊರಬರುವ ಲೈನ್ ಔಟ್ ತೂತಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ, ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ. ಅದರ ಸೆಟ್ಟಿಂಗಿನಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್, ವೇವ್ (WAV) ಫೈಲ್ ಸಾಕು. ಸ್ಟೀರಿಯೋ ಆದರೆ ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ಜಾಗ ಜಾಸ್ತಿ ಅನಿಸಿದರೆ ಫ್ಲ್ಯಾಕ್ (FLAC) ಅನ್ನೋ ಬಗೆಯ ಫೈಲ್ ಮಾಡಿ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ದನಿ ಕೆಡುವುದಿಲ್ಲ. ಎಂಪಿತ್ರೀ ವಾಟ್ಸಾಪಿಗೆ ಕಳಿಸೋದಕ್ಕೆ ಸರಿ, ಕಾಪಿಡೋದಕ್ಕಲ್ಲ.

ವೇಗ ಸರಿ ಇದೆಯಾ ಅಂತ ನೋಡಲು ಸುಲಭ ಉಪಾಯ: ಅವರ ಹಾರ್ಮೋನಿಯಂ ಇನ್ನೂ ಮನೆಯಲ್ಲಿದ್ದರೆ ಅವರು ಹಾಡುತ್ತಿದ್ದ ಕಾಳಿ ಎರಡನ್ನೋ ಒಂದನ್ನೋ (ಎರಡನೇ ಇಲ್ಲವೇ ಮೊದಲನೇ ಕಪ್ಪು ಕೀಲಿ) ಒತ್ತಿ ಹಿಡಿದು ಟೇಪಿನ ಷಡ್ಜಕ್ಕೆ, ಅಂದರೆ 'ಸ' ಸ್ವರಕ್ಕೆ, ಹೋಲಿಸಿ. ಅರ್ಧ ಸ್ವರ ಮೇಲೆ ಕೇಳಿದರೆ ಸಾಫ್ಟ್‌ವೇರಿನಲ್ಲಿ ವೇಗ ಇಳಿಸಿ. ಇದನ್ನು ಸುಮ್ನೆ ಅಂದುಕೊಳ್ಳಬೇಡಿ. ಅರ್ಧ ಸ್ವರ ಏರಿದರೆ ಮನುಷ್ಯನ ದನಿ ಬೇರೆಯವರದ್ದಾಗಿಬಿಡುತ್ತದೆ.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಗದ್ದಲ ತೆಗೆಯುವ ಸೌಲಭ್ಯ ಕೈಗೆ ಸಿಕ್ಕಿತು ಅಂತ ಮೂಲ ಫೈಲನ್ನು ಅದರಲ್ಲಿ ಹಾಕಿ ಶುದ್ಧಿ ಮಾಡಬೇಡಿ. ನಿಮಗೆ ಬೇಕಾದದ್ದು ಆ ಗದ್ದಲವೇ. ಹಳೆಯ ಮನೆಬಳಕೆಯ ಟೇಪ್‌ರೆಕಾರ್ಡರುಗಳಲ್ಲಿ ಒಳಗೇ ಒಂದು ಮೈಕ್ ಇರುತ್ತಿತ್ತು, ಜೊತೆಗೆ ದನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು. ಹಾಡು ಜೋರಾಗಿದ್ದರೆ ತಗ್ಗಿಸುತ್ತದೆ, ಹಾಡು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಸಣ್ಣ ಸದ್ದನ್ನೂ ಎತ್ತಿ ಹಿಡಿಯುತ್ತದೆ. ಅದಕ್ಕೇ ರಿಯಾಜಿನ, ಅಂದರೆ ಹಾಡಿನ ಅಭ್ಯಾಸದ, ಟೇಪುಗಳಲ್ಲಿ ಆಲಾಪ ನಿಂತ ಕೂಡಲೇ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ, ಅದರ ಹಿಂದೆ ಅಡುಗೆಮನೆ, ಅದರಾಚೆ ರಸ್ತೆ.

ಹಂತ 3: ಎರಡು ಸಲ ಕೇಳಿ, ಎರಡನೇ ಸಲ ಹಾಡನ್ನು ಬಿಟ್ಟು

ಮೊದಲ ಸಲ ಒಬ್ಬರೇ ಕೇಳಬೇಡಿ, ರಾತ್ರಿಯೂ ಬೇಡ. ಮನೆಯವರ ದನಿ ಏಕಾಏಕಿ ಕಿವಿಗೆ ಬಿದ್ದಾಗ ಏನಾಗುತ್ತದೆ ಅಂತ ಮೊದಲೇ ಹೇಳಲಾಗದು. ನಗು ಬಂದವರನ್ನೂ ನೋಡಿದ್ದೇನೆ, ಎದ್ದು ಹೋದವರನ್ನೂ ನೋಡಿದ್ದೇನೆ. ಹಗಲು ಹೊತ್ತು, ಊಟ ಆದ ಮೇಲೆ, ಜೊತೆಗೊಬ್ಬರು ಇರಲಿ. ಬೇಕೆನಿಸಿದಾಗ ನಿಲ್ಲಿಸಿ. ತಿಂಗಳುಗಟ್ಟಲೆ ನಿದ್ದೆ ಊಟ ಸರಿಯಿಲ್ಲದಿದ್ದರೆ ಪುಸ್ತಕ ಪಕ್ಕಕ್ಕಿಟ್ಟು ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪುಣೆಯಿಂದಲೂ ಕರೆ ಮಾಡಬಹುದು.

ಎರಡನೇ ಸಲ ಪೆನ್ನು ಹಿಡಿದು ಕೂರಿ. ಪುಟವನ್ನು ಮೂರು ಭಾಗ ಮಾಡಿ: ನಿಮಿಷ, ಹಾಡು, ಹಾಡಿನ ಹಿಂದೆ. ಮೂರನೆಯದೇ ನಿಮ್ಮ ಪುಸ್ತಕದ ಬಂಡವಾಳ. ನನ್ನ ನೋಟ್‌ಬುಕ್ಕಿನ ಒಂದು ತುಣುಕು ಹೀಗಿದೆ (ಪೂರಿಯಾ ಒಂದು ರಾಗ, ವಿಲಂಬಿತ ಅಂದರೆ ನಿಧಾನ ಲಯ, ನಿಷಾದ ಅಂದರೆ 'ನಿ' ಸ್ವರ):

"11ನೇ ನಿಮಿಷ. ಪೂರಿಯಾ, ವಿಲಂಬಿತ. ನಿಷಾದದಲ್ಲಿ ನಿಂತು ಕೆಮ್ಮು. ಕುಕ್ಕರ್ ಎರಡು ಸೀಟಿ. ನನ್ನ ದನಿ: 'ರೀ, ಗ್ಯಾಸ್ ಸಣ್ಣ ಮಾಡ್ರಿ.' ತಂಬೂರಿ ನಿಲ್ಲಲಿಲ್ಲ. ಹೆಜ್ಜೆ ಸದ್ದು. ಮೂರನೇ ಸೀಟಿ ಆಗಲಿಲ್ಲ. ಮತ್ತೆ ಅದೇ ನಿಷಾದ."

ತಂಬೂರಿ ನಿಲ್ಲದಿದ್ದದ್ದಕ್ಕೆ ಕಾರಣ ಅದು ಎಲೆಕ್ಟ್ರಾನಿಕ್ ತಂಬೂರಿ. ಹಾಗಾದರೆ ಅದು ಮನೆಗೆ ಬಂದ ಮೇಲಿನ ಟೇಪು. ನಾನು ಅಡುಗೆಮನೆಯಲ್ಲಿ ಇರಲಿಲ್ಲ, ಇದ್ದಿದ್ದರೆ ಅವರನ್ನು ಕರೆಯುತ್ತಿರಲಿಲ್ಲ, ಅಲ್ವಾ? ಹಾಗಾದರೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಅಂದರೆ ಮಳೆ ಇರಲಿಲ್ಲ. ಒಂದು ಸಾಲಿನಿಂದ ಹೀಗೆ ಕಾಲ, ಜಾಗ, ಮನೆಯ ನಡಾವಳಿ ಎಲ್ಲ ಬಿಚ್ಚಿಕೊಳ್ಳುತ್ತದೆ. ನೆನಪು ಇದರಲ್ಲಿ ಒಂದನ್ನೂ ಎತ್ತಿ ಕೊಟ್ಟಿರಲಿಲ್ಲ.

ಗಂಗೂಬಾಯಿ ಹಾನಗಲ್ ಅವರ ಕಚೇರಿಗಳ ರೆಕಾರ್ಡಿಂಗ್ ಕೇಳಿದವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಅವರ ಗಡಸು ದನಿಯ ಹಿಂದೆ ಮಗಳು ಕೃಷ್ಣಾ ಅವರ ದನಿ ಸಾಥ್ ಕೊಡುತ್ತಿರುತ್ತದೆ. 2004ರಲ್ಲಿ ಮಗಳು ತೀರಿಕೊಂಡರು, ತಾಯಿ 2009ರವರೆಗೆ ಇದ್ದರು. ಇದು ಗೊತ್ತಾದ ಮೇಲೆ ಅದೇ ರೆಕಾರ್ಡಿಂಗ್ ಕೇಳಿ ನೋಡಿ. ಕಿವಿ ತಾನಾಗಿ ಹಿಂದಿನ ದನಿಯನ್ನು ಹುಡುಕುತ್ತದೆ.

ಹಂತ 4: ಬಂಧುಬಳಗಕ್ಕೆ ಪ್ರಶ್ನೆ ಕೇಳಬೇಡಿ, ಟೇಪು ಕೇಳಿಸಿ

"ಅಣ್ಣ ಹೇಗಿದ್ದರು?" ಅಂದರೆ "ದೇವರಂಥವರು" ಅನ್ನುತ್ತಾರೆ. ಮುಗೀತು. ಅದರ ಬದಲು ಎರಡು ನಿಮಿಷದ ತುಣುಕು ಕೇಳಿಸಿ ಸುಮ್ಮನಿರಿ. ತಬಲಾ ಹಿಡಿಯುತ್ತಿದ್ದ ಗೆಳೆಯರು "ಇಲ್ಲಿ ಸಮ್ ತಪ್ಪಿಸಿದ, ನನಗ ಬೈದ" ಅಂತ ಶುರುಮಾಡುತ್ತಾರೆ (ಸಮ್ ಅಂದರೆ ತಾಳದ ಮೊದಲ ಪೆಟ್ಟು). ಧಾರವಾಡದಲ್ಲಿರುವ ಅಕ್ಕ "ಈ ಹಾಡು ನಮ್ಮವ್ವ ಬೀಸೂಮುಂದ ಹೇಳ್ತಿದ್ಲು" ಅನ್ನುತ್ತಾರೆ. ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಒಂದು ಮಾತು ಕೇಳಿ ಮಾಡಿ. ವಯಸ್ಸಾದವರ ಬಳಿ ಮೊದಲು ಹೋಗಿ.

ಹಂತ 5: ಅಧ್ಯಾಯ ಹೊಂದಿಸುವುದು

ಹುಟ್ಟು, ಶಾಲೆ, ನೌಕರಿ, ಮದುವೆ, ಮಕ್ಕಳು, ಕಾಯಿಲೆ, ಕೊನೆ ಎಂಬ ಸಾಲು ಹಿಡಿದರೆ ಪುಸ್ತಕ ಬಯೋಡೇಟಾ ಆಗುತ್ತದೆ. ಒಂದು ಟೇಪಿಗೆ ಒಂದು ಅಧ್ಯಾಯ ಅಂತ ಇಟ್ಟುಕೊಳ್ಳಿ. ಎಲ್ಲ ಟೇಪೂ ಬೇಕಿಲ್ಲ, ಹಿಂದಿನ ಸದ್ದು ಹೆಚ್ಚಿರುವ ಹತ್ತು ಹನ್ನೆರಡು ಆರಿಸಿ. ಅಧ್ಯಾಯಗಳಿಗೆ ಎ ಸೈಡ್, ಬಿ ಸೈಡ್ ಅಂತ ಹೆಸರಿಡುವ ಆಸೆ ಎಲ್ಲರಿಗೂ ಬರುತ್ತದೆ. ನೋಡೋಕೆ ಚೆಂದ, ಮೂರನೇ ಅಧ್ಯಾಯಕ್ಕೆ ಬೇಜಾರು ಬರುತ್ತದೆ. ಬಿಟ್ಟುಬಿಡಿ.

ಸಾವನ್ನು ಎಲ್ಲಿಡಬೇಕು ಅನ್ನೋದು ದೊಡ್ಡ ಪ್ರಶ್ನೆ. ಕೊನೆಗಿಟ್ಟರೆ ಓದುಗರು ಪುಸ್ತಕ ಪೂರ್ತಿ ಅದನ್ನೇ ಕಾಯುತ್ತಾರೆ. ನನ್ನ ಮಟ್ಟಿಗೆ ಮೊದಲ ಅಧ್ಯಾಯದಲ್ಲೇ ಎರಡು ಸಾಲಿನಲ್ಲಿ ಹೇಳಿಬಿಡೋದು ಒಳ್ಳೆಯದು. ಇದಕ್ಕೆ ನಮ್ಮ ಪುಣೆಯಲ್ಲೇ ಮಾದರಿ ಇದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಗುರುವಿನ ನೆನಪಿಗೆ ಸಂಗೀತೋತ್ಸವ ಶುರುಮಾಡಿದರು. ಸಾವು ಆಗಿಹೋದದ್ದು ಅಂತ ಬಂದವರಿಗೆಲ್ಲ ಗೊತ್ತು, ಆಮೇಲೆ ದಿನಗಟ್ಟಲೆ ಬರೀ ಹಾಡು. ಸಮಾರೋಪಕ್ಕೆ ಸವಾಯಿ ಗಂಧರ್ವರದ್ದೇ ಭೈರವಿಯ ಹಳೆ ಧ್ವನಿಮುದ್ರಿಕೆ ಹಚ್ಚುವ ರೂಢಿ. ಹೋದವರ ದನಿಯೇ ಕೊನೆಯ ಮಾತಾಡಲಿ, ನಮ್ಮ ವಿಶ್ಲೇಷಣೆ ಬೇಡ ಅನ್ನೋ ಈ ಕ್ರಮವನ್ನು ಪುಸ್ತಕದಲ್ಲೂ ಇಟ್ಟುಕೊಳ್ಳಬಹುದು.

ಆಸ್ಪತ್ರೆ ಪುಸ್ತಕವನ್ನು ನುಂಗದಂತೆ ನೋಡಿಕೊಳ್ಳಿ. ಕೊನೆಯ ವಾರಗಳು ಮನಸ್ಸಿನಲ್ಲಿ ತುಂಬ ಜಾಗ ಹಿಡಿದಿರುತ್ತವೆ, ಪುಟಗಳಲ್ಲೂ ಹಿಡಿಯಲು ಬರುತ್ತವೆ. ಬಿಲ್ಲು, ಜಗಳ, ಯಾರು ಫೋನ್ ಎತ್ತಲಿಲ್ಲ, ಇದೆಲ್ಲವನ್ನೂ ಬರೆದು ಬೇರೆ ಫೈಲಿನಲ್ಲಿಡಿ. ವರ್ಷ ಕಳೆದ ಮೇಲೆ ತೆರೆದು ನೋಡಿದರೆ ಎಷ್ಟು ಬೇಕು ಅಂತ ನಿಮಗೇ ತಿಳಿಯುತ್ತದೆ.

ಹಂತ 6: ಈಗ ಬರೆಯಿರಿ

ರಾಗದ ಹೆಸರು, ತಾನಿನ ವರ್ಣನೆ ಓದುಗರಿಗೆ ಏನನ್ನೂ ಕೇಳಿಸುವುದಿಲ್ಲ. "ಅಮೋಘ", "ಮಧುರ", "ಮೈಮರೆತರು" ಈ ಪದಗಳಂತೂ ಯಾರ ಮೇಲೂ ಕೂರುತ್ತವೆ. ಹಾಡು ನಡೆಯುವಾಗ ಮನೆಯಲ್ಲಿ ಏನು ನಡೆಯಿತು ಅಂತ ಬರೆಯಿರಿ. ಯಾರು ಎದ್ದು ಹೋದರು, ಯಾರು ಟೀವಿ ದನಿ ತಗ್ಗಿಸಿದರು, ಹಾಡಿದವರು ಆಮೇಲೆ ಏನು ತಿಂದರು.

ಪ್ರೀತಿಗೂ ಇದೇ ನಿಯಮ. ನಮ್ಮ ಪೀಳಿಗೆಯ ಗಂಡ ಹೆಂಡತಿ ಆ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ. ಪುಸ್ತಕದಲ್ಲಿ ಮಾತ್ರ ದಿಢೀರಂತ "ತುಂಬಾ ಪ್ರೀತಿಸುತ್ತಿದ್ದರು" ಅಂತ ಬಂದರೆ ಮನೆಯವರಿಗೇ ನಂಬಿಕೆ ಬರುವುದಿಲ್ಲ. ಒಂದೇ ವಿಷಯವನ್ನು ಎರಡು ಬಗೆಯಲ್ಲಿ ಬರೆದು ತೋರಿಸುತ್ತೇನೆ. ಮೊದಲನೆಯದು:

"ಅವರಿಗೆ ಸಂಗೀತವೆಂದರೆ ಪ್ರಾಣ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳುತ್ತಾ ಜಗತ್ತನ್ನೇ ಮರೆಯುತ್ತಿದ್ದರು. ನನ್ನನ್ನೂ ಅಷ್ಟೇ ಪ್ರೀತಿಯಿಂದ ನೋಡಿಕೊಂಡರು."

ಎರಡನೆಯದು:

"ನನ್ನ ಭಾವಗೀತೆಯ ಕ್ಯಾಸೆಟ್ಟಿನ ತೂತಿಗೆ ಸೆಲೋ ಟೇಪ್ ಅಂಟಿಸಿ, ರೇಡಿಯೋದಲ್ಲಿ ಬಂದ ಮನ್ಸೂರರನ್ನು ಅದರ ಮೇಲೆ ರೆಕಾರ್ಡ್ ಮಾಡಿದ್ದರು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ, ಮನ್ಸೂರರು ಕಾಯುತ್ತಿರಲಿಲ್ಲ. ಗೊತ್ತಾದಾಗ ನಾನು ಮಾತು ಬಿಟ್ಟೆ. ಸಂಕ್ರಾಂತಿಯ ದಿನ ಕುಸುರೆಳ್ಳಿನ ಬಟ್ಟಲು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತರು. 'ತಗೋ, ಎಳ್ಳು ಬೆಲ್ಲಧಾಂಗ ಇರೂಣು' ಅಂದರು. ನಾನು ತಗೊಳ್ಳಲಿಲ್ಲ. ಸ್ವಲ್ಪ ತಡೆದು ಅಂದರು: 'ಮನ್ಸೂರರು ಮುಗಿಸಿದ ಮ್ಯಾಲೆ ನಿನ್ನ ಹಾಡು ಇನ್ನೂ ಒಂದೂವರಿ ನುಡಿ ಉಳದದ, ಕೇಳಿ ನೋಡು.'"

ಎರಡನೆಯದರಲ್ಲಿ ಅವರ ತಪ್ಪಿದೆ, ನನ್ನ ಹಟ ಇದೆ, ಸಂಗೀತದ ಹುಚ್ಚು ಎಷ್ಟರದ್ದು ಅನ್ನೋದಕ್ಕೆ ಸಾಕ್ಷಿ ಇದೆ. ಹೋದವರ ತಪ್ಪು ಬರೆಯಬಾರದು ಅಂತ ಹಿರಿಯರು ಹೇಳುತ್ತಾರೆ. ಇಂಥ ತಪ್ಪು ಬರೆಯದಿದ್ದರೆ ಮನುಷ್ಯನೇ ಪುಸ್ತಕದೊಳಗೆ ಬರುವುದಿಲ್ಲ. ಮಾತುಗಳನ್ನು ಅವರ ಆಡುನುಡಿಯಲ್ಲೇ ಇಡಿ. ಧಾರವಾಡದ ಮಾತನ್ನು ಗ್ರಂಥಕ್ಕೆ ತಿದ್ದಿದರೆ ದನಿ ಹೋಗುತ್ತದೆ.

ಬರೆಯುವ ಗಡುವನ್ನು ವರ್ಷಾಂತಿಕಕ್ಕೆ ಕಟ್ಟಬೇಡಿ. ವರ್ಷದ ದಿನ ಬಿಡುಗಡೆ ಮಾಡೋಣ ಅಂತ ಹೊರಟ ಪುಸ್ತಕಗಳು ಸಾಮಾನ್ಯವಾಗಿ ಶ್ರದ್ಧಾಂಜಲಿ ಸಂಚಿಕೆಗಳಾಗುತ್ತವೆ, ಅರ್ಧ ಪುಟಗಳು ಗಣ್ಯರ ಫೋಟೋಗೆ ಹೋಗುತ್ತವೆ. ಒಂದು ಕಡೆ ಕೂತು ಟೈಪ್ ಮಾಡೋದು ಕಷ್ಟವಾದರೆ ಫೋನಿಗೆ ಹೇಳಿ ಬರೆಸಿ. ಕನ್ನಡವನ್ನು ಅದು ಸಾಕಷ್ಟು ಚೆನ್ನಾಗಿ ಹಿಡಿಯುತ್ತದೆ, ಒತ್ತಕ್ಷರ ಆಮೇಲೆ ತಿದ್ದಬಹುದು.

ಹಂತ 7: ಹಾಡಿನ ಸಾಲು ಹಾಕುವ ಮೊದಲು

ಹಾಡಿನ ಸಾಲುಗಳನ್ನು ಧಾರಾಳವಾಗಿ ಅಚ್ಚು ಹಾಕಬೇಡಿ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981, ಹಾಗಾಗಿ 2041ರ ಕೊನೆಯವರೆಗೆ ಅವರ ಪೂರ್ತಿ ಕವಿತೆ ಹಾಕಲು ಹಕ್ಕುದಾರರ ಒಪ್ಪಿಗೆ ಬೇಕು. ಸಿನಿಮಾ ಹಾಡುಗಳಿಗೂ ಹೀಗೇ. ಪುರಂದರದಾಸರ, ಕನಕದಾಸರ ಪದಗಳ ಸಾಹಿತ್ಯಕ್ಕೆ ಈ ತೊಡಕಿಲ್ಲ. ಅದನ್ನು ಹಾಡಿದವರ ಧ್ವನಿಮುದ್ರಿಕೆಗೆ ಮಾತ್ರ ಬೇರೆ ಹಕ್ಕಿದೆ, ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಂಗೀತ ಕಚೇರಿಯಲ್ಲಿ ಕೂತು ನಿಮ್ಮವರು ರೆಕಾರ್ಡ್ ಮಾಡಿಕೊಂಡ ಟೇಪು ಮನೆಯಲ್ಲಿ ಕೇಳಲು ನಿಮ್ಮದು, ಊರಿಗೆ ಹಂಚಲು ಅಲ್ಲ. ಹಾಡಿದವರಿಗೂ 50 ವರ್ಷದ ಹಕ್ಕಿರುತ್ತದೆ.

ಕಾಗದಪತ್ರಗಳ ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಿಮ್ಮ ಮನೆಗೆ ಬಂದ ಪತ್ರದ ಹಾಳೆ ನಿಮ್ಮದಾದರೂ ಅದರ ಮಾತು ಬರೆದವರದ್ದು. ಗೆಳೆಯರ ಪತ್ರ ಅಚ್ಚು ಹಾಕುವ ಮೊದಲು ಅವರನ್ನೋ ಅವರ ಮಕ್ಕಳನ್ನೋ ಕೇಳಿ.

ಹಂತ 8: ಓದಿಸಿ, ಅಚ್ಚು ಹಾಕಿಸಿ

ಹಸ್ತಪ್ರತಿಯನ್ನು ಇಬ್ಬರಿಗೆ ಕೊಡಿ. ಒಬ್ಬರು ಮನೆಯವರು, ಇನ್ನೊಬ್ಬರು ಹೋದವರನ್ನು ಕಂಡೇ ಇಲ್ಲದವರು. ಮನೆಯವರು "ಇದು ಬೇಡ" ಅಂದದ್ದನ್ನು ಕೇಳಿಸಿಕೊಳ್ಳಿ, ಬದುಕಿರುವವರ ಬಗ್ಗೆ ಇದ್ದರೆ ತೆಗೆಯಿರಿ. ಹೊರಗಿನವರಿಗೆ ಎಲ್ಲಿ ಬೇಜಾರಾಯಿತು ಅಂತ ಮಾತ್ರ ಕೇಳಿ.

ಪುಣೆಯಲ್ಲಿ ಓದಿದ ಮೊಮ್ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅವರಿಗಾಗಿ ಇಡೀ ಪುಸ್ತಕ ದೇವನಾಗರಿಯಲ್ಲಿ ಅಚ್ಚು ಹಾಕಿಸೋದು ದುಬಾರಿ. ಅಧ್ಯಾಯಗಳನ್ನು ನಿಮ್ಮ ದನಿಯಲ್ಲೇ ಓದಿ ರೆಕಾರ್ಡ್ ಮಾಡಿ, ಮೂಲ ಟೇಪಿನ ತುಣುಕುಗಳ ಜೊತೆ ಜೋಡಿಸಿ. ಅಧ್ಯಾಯದ ಕೊನೆಗೆ ಕ್ಯೂಆರ್ ಕೋಡ್ ಹಾಕಿದರೆ ಫೋನಿನಲ್ಲಿ ಕೇಳುತ್ತಾರೆ. ಮನೆಯವರೇ ಹಾಡಿದ ರಿಯಾಜ್, ಮನೆಯ ಮಾತುಕತೆ ಇಷ್ಟೇ ಇರಲಿ, ದೊಡ್ಡ ಗಾಯಕರ ರೆಕಾರ್ಡಿಂಗ್ ಸೇರಿಸಬೇಡಿ.

ಅಪ್ಪಾ ಬಳವಂತ ಚೌಕದ ಸುತ್ತ ಅಚ್ಚು, ಬೈಂಡಿಂಗ್ ಎಲ್ಲ ಸಿಗುತ್ತದೆ, ಆದರೆ ಕನ್ನಡ ಡಿಟಿಪಿಗೆ ಹುಬ್ಬಳ್ಳಿ ಧಾರವಾಡವೋ, ಮುದ್ರಣಕ್ಕೆ ಹೆಸರಾದ ಗದಗವೋ ಸಲೀಸು. ನೀವು ಯೂನಿಕೋಡಿನಲ್ಲಿ ಕಳಿಸಿದ್ದನ್ನು ಅಲ್ಲಿ ಬೇರೆ ಫಾಂಟಿಗೆ ತಿರುಗಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಒಡೆಯುತ್ತವೆ. ಹಾಗಾಗಿ ಕೊನೆಯ ಕರಡನ್ನು ಕಾಗದದ ಮೇಲೆ ತರಿಸಿಕೊಂಡು ನೋಡಿ, ಆಡುನುಡಿಯ ಮಾತುಗಳನ್ನು ಯಾರಾದರೂ "ಸರಿ" ಮಾಡಿದ್ದಾರೆಯೇ ಅಂತ ವಿಶೇಷವಾಗಿ ನೋಡಿ. ಡೆಮಿ 1/8 ಅನ್ನೋ ಪುಸ್ತಕದ ಅಳತೆ ಕೈಗೆ ಹಿತ. ಪುಟಗಳು 16ರ ಲೆಕ್ಕದಲ್ಲಿ ಬಂದರೆ ಫಾರ್ಮು (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು) ವ್ಯರ್ಥವಾಗುವುದಿಲ್ಲ. ಮಾರಾಟಕ್ಕಿಡುವುದಾದರೆ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಅರ್ಜಿ ಹಾಕಿ, ಅದಕ್ಕೆ ಶುಲ್ಕವಿಲ್ಲ. ಮನೆಮಂದಿಗಷ್ಟೇ ಆದರೆ ಅದೂ ಬೇಕಿಲ್ಲ.

ಒಂದು ಪ್ರತಿಯನ್ನು ಗಣೇಶನಗರದ ಕನ್ನಡ ಸಂಘದಲ್ಲಿ ಕೇಳಿ ಕೊಡಿ. ವೇವ್ ಫೈಲುಗಳ ಎರಡು ಪ್ರತಿ ಮಾಡಿ, ಒಂದು ಹಾರ್ಡ್ ಡಿಸ್ಕ್ ಪುಣೆಯಲ್ಲಿ, ಇನ್ನೊಂದು ಊರಿನ ಮನೆಯಲ್ಲಿ ಇರಲಿ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ಫೈಲುಗಳು ಓಡುತ್ತವಾ ಅಂತ ನೋಡಿ. ಕ್ಯಾಸೆಟ್‌ಗಳನ್ನು ಮಾತ್ರ ಎಸೆಯಬೇಡಿ. ನಿಲ್ಲಿಸಿ ಜೋಡಿಸಿ, ಟೀವಿ ಸ್ಪೀಕರುಗಳಿಂದ ದೂರ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ.